ಫೆಸ್ಟಿವಲ್ ವೇದಿಕೆಯಲ್ಲಿ ಹೊಸ ಹಾಡಿಗೆ ಯಾಕೆ ಜಾಗ ಕಮ್ಮಿ?

2011ರ ಅಕ್ಟೋಬರ್ 30ರಂದು ಅಮೆರಿಕದ ಹೆವಿ ಮೆಟಲ್ ಬ್ಯಾಂಡು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಮಾರನೇ ದಿನವೇ ಅವರ ಹೊಸ ಆಲ್ಬಮ್ ‘ಲುಲು’ ಹೊರಗೆ ಬರುವುದಿತ್ತು. ರಾಕ್ ಗಾಯಕ ಲೂ ರೀಡ್ ಜೊತೆ ಸೇರಿ ಮಾಡಿದ ಆಲ್ಬಮ್ ಅದು. ಬೆಂಗಳೂರಿನ ವೇದಿಕೆಯಲ್ಲಿ ಅದರ ಒಂದು ಹಾಡೂ ಬರಲಿಲ್ಲ. ಬಂದಿದ್ದರೆ ಜನ ಏನು ಮಾಡುತ್ತಿದ್ದರೋ! ವರ್ಷಗಟ್ಟಲೆ ಕಾದವರಿಗೆ ‘ಮಾಸ್ಟರ್ ಆಫ್ ಪಪೆಟ್ಸ್’ ಬೇಕಿತ್ತು, ‘ಒನ್’ ಬೇಕಿತ್ತು, ‘ಎಂಟರ್ ಸ್ಯಾಂಡ್‌ಮನ್’ ಬೇಕಿತ್ತು. ಅವೆಲ್ಲ ಸಿಕ್ಕವು, ಗಂಟಲು ಕಟ್ಟುವಷ್ಟು ಕೂಗಿ ಮನೆಗೆ ಹೋದರು.

‘ಲುಲು’ ವಿಚಿತ್ರ ಆಲ್ಬಮ್. ಲೂ ರೀಡ್ ಇಲ್ಲದೆ ಅದನ್ನು ನುಡಿಸಿ ಅರಗಿಸುವುದೂ ಕಷ್ಟವೇ. ಆದರೆ ಇಂಥ ನಡವಳಿಕೆ ಆ ಒಂದು ಆಲ್ಬಮ್ಮಿನದು ಮಾತ್ರ ಅಲ್ಲ. ಪ್ರತಿ ವರ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಯುರೋಪಿನಲ್ಲಿ ಮೆಟಲ್ ಫೆಸ್ಟಿವಲ್‌ಗಳ ಸುಗ್ಗಿ. ಆ ಮೂರು ತಿಂಗಳು ಮೆಟಲ್ ಕೇಳುವವರ ನಡುವೆ ಎರಡೇ ಮಾತು: ನಿನ್ನೆ ಸೆಟ್ (ವೇದಿಕೆಯಲ್ಲಿ ನುಡಿಸಿದ ಹಾಡುಗಳ ಸಾಲು) ಹೇಗಿತ್ತು, ಮುಂದಿನ ಆಲ್ಬಮ್ ಯಾವಾಗ. ಒಂದರಿಂದ ಇನ್ನೊಂದನ್ನು ಊಹಿಸುವುದು ನಮ್ಮೆಲ್ಲರ ಚಟ. ಪೋಸ್ಟರ್‌ನಲ್ಲಿ ಹೆಸರು ದೊಡ್ಡದಾಗಿ ಬಂತಾ, ಹಾಗಾದರೆ ಆಲ್ಬಮ್ ಹತ್ತಿರ ಇದೆ. ಹೊಸ ಹಾಡು ಒಂದೂ ನುಡಿಸಲಿಲ್ಲವಾ, ಹಾಗಾದರೆ ಬ್ಯಾಂಡಿಗೇ ಅದರ ಮೇಲೆ ನಂಬಿಕೆ ಇಲ್ಲ. ಕೇಳಲು ಚೆನ್ನಾಗಿದೆ, ಆದರೆ ಈ ಜ್ಯೋತಿಷ್ಯ ಬಹುಪಾಲು ಸುಳ್ಳಾಗುತ್ತದೆ. ಫೆಸ್ಟಿವಲ್ ಮತ್ತು ಆಲ್ಬಮ್ ಬೇರೆ ಬೇರೆ ಕ್ಯಾಲೆಂಡರ್ ನೋಡಿ ನಡೆಯುತ್ತವೆ. ಅವುಗಳ ದುಡ್ಡೂ ಬೇರೆ ಬೇರೆ ಜೇಬಿನಿಂದ ಬರುತ್ತದೆ.

ಕ್ಯಾಲೆಂಡರ್ ವಿಷಯ ಮೊದಲು. ಉತ್ತರ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ಸುಮಾರು 2,000 ಜನ ಇದ್ದಾರೆ. 1990ರಲ್ಲಿ ಅಲ್ಲಿ ಸಣ್ಣದಾಗಿ ಶುರುವಾದ ವಾಕನ್ ಓಪನ್ ಏರ್‌ಗೆ ಈಗ ಸುಮಾರು 85,000 ಜನ ಸೇರುತ್ತಾರೆ. ಈ ವರ್ಷದ ಫೆಸ್ಟಿವಲ್ ಮುಗಿಯುವ ಹೊತ್ತಿಗೇ ಮುಂದಿನ ವರ್ಷದ ಮೊದಲ ಕೆಲವು ಹೆಸರುಗಳನ್ನು ಘೋಷಿಸುವುದು ಅವರ ವಾಡಿಕೆ. ಅಂದರೆ ಬ್ಯಾಂಡು ಒಪ್ಪಿಕೊಂಡದ್ದು ಅದಕ್ಕೂ ಮೊದಲೇ. ಆ ಹೊತ್ತಿಗೆ ಮುಂದಿನ ಆಲ್ಬಮ್ಮಿನ ಡ್ರಮ್ಸ್ ಕೂಡ ರೆಕಾರ್ಡ್ ಆಗಿರುವುದಿಲ್ಲ.

ಆಲ್ಬಮ್ಮಿನ ತಾರೀಖು ನಿರ್ಧಾರವಾಗುವುದು ಬೇರೆ ಕಡೆ. ರೆಕಾರ್ಡಿಂಗ್ ಮುಗಿಯಬೇಕು, ಮಿಕ್ಸ್ ಆಗಬೇಕು, ಮುಖಪುಟದ ಚಿತ್ರ ಬರಬೇಕು. ಇದೆಲ್ಲ ಆದ ಮೇಲೆ ವಿನೈಲ್ (ಗ್ರಾಮಫೋನ್ ತಟ್ಟೆ) ಒತ್ತುವ ಕಾರ್ಖಾನೆಯಲ್ಲಿ ಸರದಿ ಸಿಗಬೇಕು. ಮೆಟಲ್ ಕೇಳುವವರು ಇವತ್ತಿಗೂ ವಿನೈಲ್, ಬಾಕ್ಸ್ ಸೆಟ್ ಎಂದರೆ ಕೈ ಬಿಚ್ಚಿ ಖರ್ಚು ಮಾಡುವವರು. ಹಾಗಾಗಿ ವಿನೈಲ್ ಇಲ್ಲದೆ ಆಲ್ಬಮ್ ಬಿಡಲು ಕಂಪನಿಗಳಿಗೆ ಮನಸ್ಸಿಲ್ಲ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಅಪೋಲೋ ಮಾಸ್ಟರ್ಸ್ ಎಂಬ ಕಾರ್ಖಾನೆ ಸುಟ್ಟುಹೋಯಿತು. ವಿನೈಲ್‌ಗೆ ಮೂಲ ತಟ್ಟೆ ಕೊರೆಯಲು ಬೇಕಾಗುವ ಲ್ಯಾಕರ್ ತಯಾರಿಸುತ್ತಿದ್ದದ್ದು ಇಡೀ ಜಗತ್ತಿನಲ್ಲಿ ಎರಡೇ ಕಾರ್ಖಾನೆ, ಇದು ಅದರಲ್ಲೊಂದು. ಅದರ ಹಿಂದೆಯೇ ಕೋವಿಡ್ ಬಂತು. ಕಾರ್ಖಾನೆಗಳ ಮುಂದೆ ತಿಂಗಳುಗಟ್ಟಲೆ ಕ್ಯೂ. ಮುಗಿದ ಆಲ್ಬಮ್ಮುಗಳು ಸುಮ್ನೆ ಕಾಯುತ್ತಾ ಕೂತವು. ಬ್ಯಾಂಡಿಗೆ ಹುಮ್ಮಸ್ಸು ಇಲ್ಲ ಎಂದು ನಾವು ಗೊಣಗುತ್ತಿದ್ದ ದಿನಗಳಲ್ಲಿ ಎಷ್ಟೋ ಆಲ್ಬಮ್ ಸರದಿಯಲ್ಲಿ ನಿಂತಿದ್ದವು.

ಇನ್ನು ದುಡ್ಡು. ಒಂದು ಕಾಲದಲ್ಲಿ ಬ್ಯಾಂಡು ಊರೂರು ಸುತ್ತುತ್ತಿದ್ದದ್ದೇ ಆಲ್ಬಮ್ ಮಾರಲಿಕ್ಕೆ. ಟೂರಿನಲ್ಲಿ ಕೈ ಸುಟ್ಟುಕೊಂಡರೂ ಕ್ಯಾಸೆಟ್ಟು, ಸೀಡಿ ಮಾರಾಟದಲ್ಲಿ ಸರಿಹೋಗುತ್ತಿತ್ತು. ಆಗ ಹೊಸ ಹಾಡು ನುಡಿಸುವುದು ವ್ಯಾಪಾರದ ಭಾಗ. ಸ್ಟ್ರೀಮಿಂಗ್ ಬಂದ ಮೇಲೆ ಲೆಕ್ಕ ತಲೆಕೆಳಗಾಯಿತು. ಹೊಟ್ಟೆ ತುಂಬಿಸುವುದು ಈಗ ಶೋ ಮತ್ತು ಟಿ-ಶರ್ಟ್. ಹೊಸ ಆಲ್ಬಮ್ ಅಂದರೆ ಟೂರಿಗೆ ಒಂದು ನೆಪ, ಹೊಸ ಟಿ-ಶರ್ಟಿಗೆ ಒಂದು ಚಿತ್ರ. ಇದನ್ನು ಬ್ಯಾಂಡಿನವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸೆಟ್‌ಲಿಸ್ಟ್ ಹೇಳುತ್ತದೆ.

ಫೆಸ್ಟಿವಲ್‌ನಲ್ಲಿ ಈ ಲೆಕ್ಕ ಇನ್ನೂ ಬಿಗಿ. ಬ್ಯಾಂಡಿನ ಸ್ವಂತ ಶೋಗೆ ಬರುವವರು ಆ ಬ್ಯಾಂಡಿಗೋಸ್ಕರವೇ ಬಂದವರು. ಫೆಸ್ಟಿವಲ್ ಮೈದಾನದಲ್ಲಿ ಹಾಗಲ್ಲ. ಮುಂದೆ ನಿಂತವರಲ್ಲಿ ಅರ್ಧ ಜನ ಮುಂದಿನ ಬ್ಯಾಂಡಿಗೆ ಜಾಗ ಹಿಡಿದವರು. ಬೆಳಿಗ್ಗೆಯಿಂದ ಬಿಸಿಲಲ್ಲೋ ಕೆಸರಲ್ಲೋ ನಿಂತವರು. ವಾಕನ್‌ನ ಕೆಸರು ಎಂಥದ್ದು ಅಂದರೆ, 2023ರಲ್ಲಿ ಮಳೆಗೆ ಮೈದಾನವೆಲ್ಲ ರಾಡಿಯಾಗಿ, ಟಿಕೆಟ್ ಇದ್ದವರನ್ನೂ ಒಳಗೆ ಬಿಡದೆ ಬಾಗಿಲು ಹಾಕಬೇಕಾಯಿತು. ಇಂಥ ಕಡೆ ನಿಂತು ಕಾಲು ನೋಯುತ್ತಿರುವವನಿಗೆ ಎಂಟು ನಿಮಿಷದ ಹೊಸ ಹಾಡು ಕೇಳಿಸಿದರೆ ಅವನು ಬಿಯರ್ ತರಲು ಹೋಗುತ್ತಾನೆ. ವೇದಿಕೆಯ ಮೇಲಿಂದ ಅದು ಚೆನ್ನಾಗಿ ಕಾಣುತ್ತದೆ.

ಸಮಯವೂ ಕಮ್ಮಿ. ವಾಕನ್‌ನ ದೊಡ್ಡ ವೇದಿಕೆಗಳಾದ ‘ಫಾಸ್ಟರ್’ ಮತ್ತು ‘ಹಾರ್ಡರ್’ ಅಕ್ಕಪಕ್ಕ ಇವೆ. ಒಂದರಲ್ಲಿ ಬ್ಯಾಂಡು ನುಡಿಸುತ್ತಿದ್ದರೆ ಇನ್ನೊಂದರಲ್ಲಿ ಮುಂದಿನವರ ಡ್ರಮ್ ಕಿಟ್ ಉರುಳಿಸಿಕೊಂಡು ತಂದು ಕೂರಿಸುತ್ತಿರುತ್ತಾರೆ. ಇಲ್ಲಿ ಕೊನೆಯ ತಾಳ ನಿಂತ ಕೆಲವೇ ನಿಮಿಷಕ್ಕೆ ಅಲ್ಲಿ ಶುರು. ಜನ ತಲೆ ತಿರುಗಿಸಿದರೆ ಸಾಕು. ಇಷ್ಟು ಒತ್ತಡದಲ್ಲಿ ಪೂರ್ತಿ ಸೌಂಡ್‌ಚೆಕ್ ಎಲ್ಲಿಂದ ಬರಬೇಕು? ಪ್ರತಿ ಮೈಕು, ಪ್ರತಿ ತಂತಿ ಬದುಕಿದೆಯಾ ಎಂದು ನೋಡಿ ಶುರು ಹಚ್ಚುವುದಷ್ಟೇ. ಮೊದಲ ಹಾಡು ನಡೆಯುವಾಗಲೇ ಸೌಂಡ್ ಸರಿಮಾಡಬೇಕು. ಕಣ್ಣು ಮುಚ್ಚಿ ನುಡಿಸಬಲ್ಲ ಹಾಡು ಆ ಹೊತ್ತಿಗೆ ಬೇಕು. ಮೇಲಾಗಿ ದೊಡ್ಡ ಬ್ಯಾಂಡುಗಳಲ್ಲಿ ಲೈಟು, ಹಿಂದಿನ ಪರದೆಯ ವಿಡಿಯೋ, ಬೆಂಕಿ ಎಲ್ಲವೂ ಡ್ರಮ್ಮರ್ ಕಿವಿಯಲ್ಲಿ ಬಡಿಯುವ ತಾಳದ ಕ್ಲಿಕ್‌ಗೆ ಕಟ್ಟಿಹಾಕಿದ್ದು. ಒಂದು ಹಾಡು ಬದಲಿಸಿದರೆ ಹತ್ತು ಜನರ ಕೆಲಸ ಬದಲಾಗುತ್ತದೆ. ಸೆಟ್ ಕಲ್ಲಿನ ಹಾಗೆ ಗಟ್ಟಿಯಾಗಿಬಿಡುವುದು ಹೀಗೆ.

ಗಂಟಲಿನ ಮಾತೂ ಇದೆ. ಮೆಟಾಲಿಕಾ ತೊಂಬತ್ತರ ದಶಕದಿಂದಲೇ ವೇದಿಕೆಯಲ್ಲಿ ಶ್ರುತಿ ಅರ್ಧ ಮನೆ ಇಳಿಸಿ ನುಡಿಸುತ್ತಾ ಬಂದಿದೆ. ಅರವತ್ತು, ಎಪ್ಪತ್ತು ದಾಟಿದ ಗಾಯಕರು ಸ್ಟುಡಿಯೋದಲ್ಲಿ ಒಂದೊಂದು ಸಾಲನ್ನು ಬಿಡಿಬಿಡಿಯಾಗಿ ಹಾಡಿ ಜೋಡಿಸಬಹುದು. ಅದೇ ಹಾಡನ್ನು ಒಂದೂವರೆ ಗಂಟೆಯ ಸೆಟ್ಟಿನ ನಡುವೆ, ವಾರಕ್ಕೆ ನಾಲ್ಕು ರಾತ್ರಿ ಹಾಡುವುದು ಬೇರೆಯೇ ಕಥೆ. ಆಲ್ಬಮ್ಮಿನ ಅತ್ಯುತ್ತಮ ಹಾಡು ವೇದಿಕೆಗೆ ಬಾರದೆ ಉಳಿಯಲು ಎಷ್ಟೋ ಸಲ ಇಷ್ಟೇ ಕಾರಣ.

ಮೊದಲೆಲ್ಲ ವೇದಿಕೆಯಲ್ಲೇ ಹೊಸ ಹಾಡನ್ನು ಪರೀಕ್ಷಿಸುತ್ತಿದ್ದರಲ್ವಾ? ಹೌದು. 2003ರ ಬೇಸಿಗೆಯಲ್ಲಿ ಐರನ್ ಮೇಡನ್ ತನ್ನ ‘ವೈಲ್ಡೆಸ್ಟ್ ಡ್ರೀಮ್ಸ್’ ಹಾಡನ್ನು ಆಲ್ಬಮ್ ಬರುವ ಮೊದಲೇ ನುಡಿಸಿತು. ಮೆಟಾಲಿಕಾ 2006ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬರ್ಲಿನ್‌ನಲ್ಲಿ ‘ದ ನ್ಯೂ ಸಾಂಗ್’ ಅಂತ ಒಂದು, ಆಮೇಲೆ ಟೋಕಿಯೋದಲ್ಲಿ ‘ದಿ ಅದರ್ ನ್ಯೂ ಸಾಂಗ್’ ಅಂತ ಇನ್ನೊಂದು. ಹೆಸರಿಡುವ ಮೊದಲೇ ಹಸಿಹಸಿಯಾಗಿ ಜನರ ಮುಂದಿಟ್ಟರು. ಎರಡು ವರ್ಷದ ಮೇಲೆ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಮೊದಲನೆಯದರ ರಿಫ್ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ‘ದಿ ಎಂಡ್ ಆಫ್ ದ ಲೈನ್’ ಹಾಡಿನೊಳಗೆ ಸಿಕ್ಕಿತು. ಅಂಥ ಸ್ವಾತಂತ್ರ್ಯ ಈಗ ಇಲ್ಲ. ಹಾಡು ಮುಗಿಯುವ ಮೊದಲೇ ಫೋನಿನಲ್ಲಿ ಹಿಡಿದ ವಿಡಿಯೋ ಮೇಲೇರಿರುತ್ತದೆ. ಜರ್ಮನಿಯಲ್ಲಿ ರಾತ್ರಿ ಹತ್ತಕ್ಕೆ ಶುರುವಾದ ಸೆಟ್ ನಮಗೆ ನಡುರಾತ್ರಿ ಒಂದೂವರೆ. ಬೆಳಿಗ್ಗೆ ಕಾಫಿ ಕುಡಿಯುವ ಹೊತ್ತಿಗೆ ತೀರ್ಪು ಸಿದ್ಧ: ಗಾಯಕ ಸೋತ, ಹಾಡು ಸಪ್ಪೆ, ಬ್ಯಾಂಡಿನ ಕಥೆ ಮುಗೀತು. ಕೇಳಿದ್ದು ಯಾರದೋ ಜೇಬಿನ ಫೋನಿನ ಒಡೆದ ಬಾಸ್ ಸದ್ದು. ಅದನ್ನು ಕೇಳಿ ಆಲ್ಬಮ್ಮಿಗೆ ಅಂಕ ಕೊಡುವವರನ್ನು ಕಂಡರೆ ನನಗೆ ಜಾಸ್ತಿ ಗೌರವ ಇಲ್ಲ.

ಇದಕ್ಕೆ ಕೆಲವರು ಔಷಧಿ ಹುಡುಕಿದ್ದಾರೆ. ಘೋಸ್ಟ್ ಬ್ಯಾಂಡು 2025ರ ತನ್ನ ಟೂರಿನಲ್ಲಿ ಪ್ರೇಕ್ಷಕರ ಫೋನುಗಳನ್ನು ಬೀಗ ಹಾಕುವ ಚೀಲಕ್ಕೆ ಹಾಕಿಸಿತು. ಟೂಲ್ ಬ್ಯಾಂಡಿನವರು ಮೊದಲಿಂದಲೂ ಶೋನಲ್ಲಿ ಫೋನ್ ಎತ್ತಿದರೆ ಸಿಡುಕುವವರು. ಅವರೇ 2019ರ ಮೇ ತಿಂಗಳಲ್ಲಿ ಫ್ಲೋರಿಡಾದ ಒಂದು ಫೆಸ್ಟಿವಲ್‌ನಲ್ಲಿ ಎರಡು ಹೊಸ ಹಾಡು ನುಡಿಸಿದರು. 13 ವರ್ಷದಿಂದ ಆಲ್ಬಮ್ ಇಲ್ಲದೆ ಕಾದವರ ಮುಂದೆ! ಆಗಸ್ಟ್ 30ಕ್ಕೆ ‘ಫಿಯರ್ ಇನಾಕ್ಯುಲಮ್’ ಬಂತು. ವೇದಿಕೆ ನೋಡಿ ಆಲ್ಬಮ್ ಊಹಿಸಿದವರು ಗೆದ್ದದ್ದು ಇಂಥ ಒಂದೆರಡು ಸಲ. ಅದೇ ಟೂಲ್ 2025ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕಡಲ ದಂಡೆಯಲ್ಲಿ ಎರಡು ರಾತ್ರಿಯ ಶೋ ಮಾಡಿ ಬೈಸಿಕೊಂಡಿತು. ಎರಡೂ ರಾತ್ರಿ ಬೇರೆ ಬೇರೆ ಸೆಟ್ ಎಂದು ಜಾಹೀರಾತು, ಎರಡನೇ ರಾತ್ರಿ ಕೆಲವು ಹಾಡು ಮತ್ತೆ ಅವೇ. ದುಬಾರಿ ದುಡ್ಡು ಕೊಟ್ಟು ಬಂದವರು ಮುಖಕ್ಕೆ ಹೊಡೆದ ಹಾಗೆ ‘ಬೂ’ ಎಂದರು. ಹಳೇ ಹಾಡೇ ಬೇಕು ಎಂದು ಜನ ಕೇಳುತ್ತಾರೆ ನಿಜ. ಆದರೆ ಹೇಳಿದ ಮಾತು ತಪ್ಪಿದರೆ ಹಳೇ ಹಾಡೂ ಕಾಪಾಡುವುದಿಲ್ಲ. ಮೆಟಾಲಿಕಾ ‘72 ಸೀಸನ್ಸ್’ ಟೂರಿನಲ್ಲಿ ಒಂದೇ ಊರಿನಲ್ಲಿ ಎರಡು ರಾತ್ರಿ, ಒಂದು ಹಾಡೂ ಮರುಕಳಿಸದ ಹಾಗೆ ನುಡಿಸಿತು. ಅಲ್ಲಿ ಹೊಸ ಹಾಡುಗಳಿಗೆ ತಾನಾಗಿಯೇ ಜಾಗವಾಯಿತು, ಯಾಕಂದರೆ ಎರಡು ರಾತ್ರಿ ತುಂಬಿಸಬೇಕಿತ್ತು.

ತಪ್ಪೆಲ್ಲ ಬ್ಯಾಂಡಿನ ಮೇಲೆ ಹೊರಿಸಿದರೆ ಅನ್ಯಾಯ. 2006ರಲ್ಲಿ ಐರನ್ ಮೇಡನ್ ಧೈರ್ಯ ಮಾಡಿ ‘ಎ ಮ್ಯಾಟರ್ ಆಫ್ ಲೈಫ್ ಆಂಡ್ ಡೆತ್’ ಆಲ್ಬಮ್ಮನ್ನು ಮೊದಲಿಂದ ಕೊನೆಯವರೆಗೆ ನುಡಿಸಿತು. ಎಪ್ಪತ್ತು ನಿಮಿಷಕ್ಕಿಂತ ಉದ್ದದ ಆಲ್ಬಮ್ ಅದು. ಮೆಚ್ಚಿದವರು ಇದ್ದರು, ‘ಹಳೇದು ಹಾಡಿ’ ಎಂದು ಕಿರುಚಿದವರೂ ಇದ್ದರು. ಮರುವರ್ಷ ಮಾರ್ಚ್ 17ಕ್ಕೆ ಅದೇ ಟೂರ್ ಅರಮನೆ ಮೈದಾನಕ್ಕೆ ಬಂತು. ಭಾರತದಲ್ಲಿ ಅವರ ಮೊದಲ ಶೋ. ಆಗ ಪೂರ್ತಿ ಆಲ್ಬಮ್ ಇರಲಿಲ್ಲ, ಆದರೂ ಸೆಟ್ ಶುರುವಾದದ್ದು ಹೊಸ ಹಾಡುಗಳಿಂದಲೇ. ಬೆಂಗಳೂರು ಗೊಣಗಲಿಲ್ಲ. ಮೊದಲ ಸಲ ಮೇಡನ್ ನೋಡುವವರಿಗೆ ಎಲ್ಲವೂ ಹಬ್ಬ. 2022ರಲ್ಲಿ ಇನ್ನೂ ಚಂದದ ಉಪಾಯ ಮಾಡಿದರು: ‘ಸೆಂಜುಟ್ಸು’ ಆಲ್ಬಮ್ಮಿನ ಮೂರು ಹಾಡು ಮೊದಲೇ ಮುಗಿಸಿ, ಆಮೇಲೆ ಹಳೆಯ ಗಂಟು ಬಿಚ್ಚಿದರು. ಜನರ ಮೈಯಲ್ಲಿ ಕಸುವು ಇರುವಾಗಲೇ ಹೊಸದು ಕೇಳಿಸಿಬಿಡುವುದು. ನನಗೆ ಇದೇ ಸರಿಯಾದ ದಾರಿ ಅನಿಸುತ್ತದೆ. ಬ್ಯಾಂಡಿನ 50 ವರ್ಷದ ನೆಪದಲ್ಲಿ 2025ಕ್ಕೆ ಮತ್ತೆ ಹಳೇ ಗಂಡನ ಪಾದವೇ ಗತಿ. 1980ರಿಂದ 1992ರವರೆಗಿನ ಒಂಬತ್ತು ಆಲ್ಬಮ್ಮಿನ ಹಾಡು ಮಾತ್ರ ಎಂದು ಮೊದಲೇ ಸಾರಿ ಹೊರಟರು.

ಜೂಡಸ್ ಪ್ರೀಸ್ಟ್ ಕಥೆ ಇನ್ನೂ ಹತ್ತಿರದ್ದು. 2024ರ ಮಾರ್ಚ್ 8ಕ್ಕೆ ‘ಇನ್ವಿನ್ಸಿಬಲ್ ಶೀಲ್ಡ್’ ಬಂತು. ಆ ವಯಸ್ಸಿನಲ್ಲಿ ಇಷ್ಟು ಹರಿತವಾದ ಆಲ್ಬಮ್ ಮಾಡಿದವರು ಕಮ್ಮಿ. ಆ ವರ್ಷ ಶೋ ಶುರುವಾಗುತ್ತಿದ್ದದ್ದೇ ಅದರ ‘ಪ್ಯಾನಿಕ್ ಅಟ್ಯಾಕ್’ ಹಾಡಿನಿಂದ. ಒಂದೇ ವರ್ಷ. 2025ರ ಬೇಸಿಗೆಯ ಫೆಸ್ಟಿವಲ್‌ಗಳಿಗೆ ಹೊರಟಾಗ ‘ಪೇನ್‌ಕಿಲ್ಲರ್’ಗೆ 35 ವರ್ಷ ಎಂಬುದು ಮುಂದೆ ಬಂತು. ಹುಟ್ಟುಹಬ್ಬ ಇಲ್ಲದ ಆಲ್ಬಮ್ ಯಾವುದಿದೆ ಹೇಳಿ! ಹತ್ತು, ಇಪ್ಪತ್ತೈದು, ಮೂವತ್ತೈದು, ನಲವತ್ತು ಎಂದು ಹಿಡಿದರೆ ಹಳೇ ಬ್ಯಾಂಡಿಗೆ ಪ್ರತಿ ವರ್ಷವೂ ಯಾವುದೋ ಒಂದು ಆಲ್ಬಮ್ಮಿನ ವಾರ್ಷಿಕೋತ್ಸವ.

ನಮ್ಮ ಕರಾವಳಿಯ ಯಕ್ಷಗಾನ ಮೇಳಗಳನ್ನು ಕಂಡವರಿಗೆ ಈ ಪೇಚು ಹೊಸದಲ್ಲ. ತಿರುಗಾಟಕ್ಕೆ ಹೊಸ ಪ್ರಸಂಗ ಬೇಕು, ಇಲ್ಲದಿದ್ದರೆ ಸುದ್ದಿ ಇಲ್ಲ. ಆಟ ಆಡಿಸುವವರು ಮಾತ್ರ ಎಷ್ಟೋ ಸಲ ಹಳೆಯ ಪ್ರಸಂಗವನ್ನೇ ಕೇಳುತ್ತಾರೆ. ಒಂದು ವ್ಯತ್ಯಾಸ ಇದೆ. ಮೇಳಕ್ಕೆ ರಾತ್ರಿಯಿಡೀ ಸಮಯ ಇತ್ತು. ಫೆಸ್ಟಿವಲ್‌ನಲ್ಲಿ ಮಧ್ಯಾಹ್ನದ ಬ್ಯಾಂಡಿಗೆ ಮುಕ್ಕಾಲು ಗಂಟೆ ಸಿಕ್ಕರೆ ಪುಣ್ಯ.

ಹಳೆಯದನ್ನಷ್ಟೇ ನುಡಿಸುವುದು ಯಾವಾಗಲೂ ತಪ್ಪು ಎಂದು ಹೇಳಲಾರೆ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್‌ನಲ್ಲಿ ಬ್ಲ್ಯಾಕ್ ಸಬ್ಬತ್‌ನ ಮೂಲ ನಾಲ್ವರೂ ಕೊನೆಯ ಸಲ ಒಟ್ಟಾಗಿ ನಿಂತರು. ಆಜಿ ಆಸ್ಬೋರ್ನ್ ಸಿಂಹಾಸನದಲ್ಲಿ ಕೂತೇ ಹಾಡಿದರು. ನಾಲ್ಕು ಹಾಡು: ‘ವಾರ್ ಪಿಗ್ಸ್’, ‘ಎನ್.ಐ.ಬಿ.’, ‘ಐರನ್ ಮ್ಯಾನ್’, ‘ಪ್ಯಾರನಾಯ್ಡ್’. ನಾಲ್ಕೂ 1970ರವೇ, ಒಂದೇ ವರ್ಷದಲ್ಲಿ ಬಂದ ಎರಡು ಆಲ್ಬಮ್ಮಿನವು. ಜುಲೈ 22ಕ್ಕೆ ಆಜಿ ತೀರಿಕೊಂಡರು. ಅಲ್ಲಿ ಬೇರೆ ಹಾಡು ಬೇಕಿತ್ತು ಎಂದು ಯಾರು ಹೇಳಿಯಾರು? ಸ್ಲೇಯರ್ ವಿಷಯದಲ್ಲಿ ನನಗೆ ಅಷ್ಟು ಔದಾರ್ಯ ಇಲ್ಲ. 2019ರಲ್ಲಿ ವಿದಾಯ ಹೇಳಿ, 2024ರಲ್ಲಿ ಫೆಸ್ಟಿವಲ್‌ಗಳಿಗೆ ಮರಳಿದರು. ಕೊನೆಯ ಆಲ್ಬಮ್ 2015ರದು. ಸ್ಲೇಯರ್ ಹೆಸರಲ್ಲಿ ಇನ್ನು ರೆಕಾರ್ಡ್ ಮಾಡುವ ಉದ್ದೇಶ ಇಲ್ಲ ಎಂದು ಗಿಟಾರಿಸ್ಟ್ ಕೆರ್ರಿ ಕಿಂಗ್ ಹೇಳಿದ್ದಾರೆ. ಹೊಸ ಹಾಡುಗಳನ್ನು ತಮ್ಮ ಸ್ವಂತ ಹೆಸರಿನ ಆಲ್ಬಮ್ಮಿಗೆ ಕೊಟ್ಟರು. ಅಂದರೆ ಒಂದು ಹೆಸರು ದುಡಿಯಲು, ಇನ್ನೊಂದು ಹೆಸರು ಹಾಡು ಬರೆಯಲು. ಆಲ್ಬಮ್ಮೂ ಫೆಸ್ಟಿವಲ್ಲೂ ಬೇರೆಯಾದದ್ದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ನನಗೆ ಗೊತ್ತಿಲ್ಲ.

ಕಿರಿಯ ಬ್ಯಾಂಡುಗಳಲ್ಲಿ ಗಾಳಿ ಬೇರೆ ಕಡೆ ಬೀಸುತ್ತಿದೆ. ಸ್ಲೀಪ್ ಟೋಕನ್ 2025ರ ಮೇ 9ಕ್ಕೆ ಆಲ್ಬಮ್ ಬಿಟ್ಟು, ಜೂನ್ ನಡುವಿನಲ್ಲಿ ಇಂಗ್ಲೆಂಡಿನ ಡೌನ್‌ಲೋಡ್ ಫೆಸ್ಟಿವಲ್‌ನ ಹೆಡ್‌ಲೈನರ್ (ದಿನದ ಮುಖ್ಯ ಬ್ಯಾಂಡು) ಆಗಿ ಬಂತು. ಇದು ಮೆಟಲ್ಲೇ ಅಲ್ಲ ಎಂದು ಮೂಗು ಮುರಿಯುವವರು ಮುರಿಯಲಿ. ಹೊಸ ಹಾಡಿಗೋಸ್ಕರ ಜನ ಕಾದು ನಿಂತದ್ದಂತೂ ನಿಜ. ಗೊಜಿರಾ ಇದಕ್ಕೆ ತದ್ವಿರುದ್ಧ. 2021ರ ಆಲ್ಬಮ್ ಆದ ಮೇಲೆ ಇನ್ನೊಂದು ಬರುವ ಮೊದಲೇ, 2024ರ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ನುಡಿಸಿ, ಮುಂದಿನ ವರ್ಷ ವಾಕನ್‌ನ ಹೆಡ್‌ಲೈನರ್ ಸಾಲಿಗೆ ಸೇರಿತು. ದೆಹಲಿಯ ಬ್ಲಡಿವುಡ್ ಅಂತೂ ಕ್ರಮವನ್ನೇ ತಿರುಗಿಸಿತು. ಇಂಟರ್‌ನೆಟ್ಟಿನ ವಿಡಿಯೋಗಳಿಂದ ಹೆಸರು ಮಾಡಿ 2019ರಲ್ಲಿ ವಾಕನ್ ಹತ್ತಿದರು. ಸ್ವಂತ ಹಾಡುಗಳ ಮೊದಲ ಆಲ್ಬಮ್ ‘ರಕ್ಷಕ್’ ಬಂದದ್ದು 2022ರಲ್ಲಿ.

ನಮ್ಮ ಬೆಂಗಳೂರಿನ ಕ್ರಿಪ್ಟೋಸ್ ಮಾತ್ರ ಹಳೇ ಪದ್ಧತಿಯವರು. 1998ರಲ್ಲಿ ಶುರುವಾದ ಬ್ಯಾಂಡು. 2013ರಲ್ಲಿ ಮತ್ತು 2017ರಲ್ಲಿ ವಾಕನ್‌ನಲ್ಲಿ ನುಡಿಸಿದ್ದಾರೆ. 2016ರಿಂದ ಜರ್ಮನಿಯ ಎಎಫ್‌ಎಂ ರೆಕಾರ್ಡ್ಸ್ ಜೊತೆಗಿದ್ದಾರೆ, 2024ರಲ್ಲಿ ‘ಡೆಸಿಮೇಟರ್’ ತಂದರು. ಇಂಥ ಬ್ಯಾಂಡಿಗೆ ಆಲ್ಬಮ್ ಇನ್ನೂ ಬಾಗಿಲು ತೆರೆಯುವ ಕೀಲಿ. ಆಲ್ಬಮ್ ಇದ್ದರೆ ಯುರೋಪಿನ ಟೂರ್ ಜೋಡಿಸಬಹುದು, ಟೂರ್ ಇದ್ದರೆ ವೀಸಾ ಮತ್ತು ವಿಮಾನದ ಖರ್ಚು ಹಂಚಿಹೋಗುತ್ತದೆ. ನುಡಿಸಲು ಸಿಗುವುದು ಸಣ್ಣ ಸ್ಲಾಟ್. ಅಷ್ಟರಲ್ಲಿ ಹೊಸದನ್ನೇ ಮುಂದಿಡುತ್ತಾರೆ, ಅವರನ್ನು ಹಳೇ ಹಾಡಿಗೆ ಕಟ್ಟಿಹಾಕುವ ಎಂಬತ್ತು ಸಾವಿರ ಜನ ಎದುರಿಗೆ ಇರುವುದಿಲ್ಲ. ಹೊಸ ಆಲ್ಬಮ್ ವೇದಿಕೆಯಲ್ಲಿ ಹೇಗೆ ಕೇಳುತ್ತದೆ ಎಂದು ನಿಜವಾಗಿ ಕುತೂಹಲ ಇರುವವರು ರಾತ್ರಿ ಹತ್ತರ ಹೆಡ್‌ಲೈನರ್ ಬಿಟ್ಟು ಮಧ್ಯಾಹ್ನ ಎರಡಕ್ಕೇ ಮೈದಾನಕ್ಕೆ ಹೋಗಬೇಕು. ಬೆಂಗಳೂರು ಓಪನ್ ಏರ್‌ನಲ್ಲೂ ಅಷ್ಟೇ.

ಈಗ ಎಲ್ಲರ ಬಾಯಲ್ಲಿರುವುದು ಮೆಗಾಡೆತ್. 2008ರಲ್ಲಿ ಬೆಂಗಳೂರಿಗೆ ಬಂದು ಹೋದವರು. ಇನ್ನು ಒಂದೇ ಆಲ್ಬಮ್, ಆಮೇಲೆ ವಿದಾಯದ ಟೂರ್ ಎಂದು 2025ರ ಆಗಸ್ಟ್‌ನಲ್ಲಿ ಘೋಷಿಸಿದರು. ಆಲ್ಬಮ್ಮಿಗೆ ಬ್ಯಾಂಡಿನ ಹೆಸರೇ, ಬಿಡುಗಡೆಗೆ ಗೊತ್ತುಮಾಡಿದ ದಿನ 2026ರ ಜನವರಿ 23. ಇಲ್ಲಿ ಪೇಚು ಇನ್ನೂ ಬಿಗಿಯಾಗುತ್ತದೆ. ಈ ಹಾಡುಗಳಿಗೆ ಮುಂದಿನ ಟೂರ್ ಎಂಬುದೇ ಇಲ್ಲ. ಈಗ ನುಡಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅತ್ತ ಕೊನೆಯ ಸಲ ನೋಡಲು ಬಂದವರಿಗೆ ಹಳೆಯ ‘ಹ್ಯಾಂಗರ್ 18’ ಬಿಟ್ಟುಕೊಡಲು ಮನಸ್ಸು ಬರುತ್ತದಾ? ನನ್ನನ್ನು ಕೇಳಿದರೆ ಹಳೆಯ ಎರಡು ಹಾಡು ಕೈಬಿಟ್ಟು ಹೊಸ ಮೂರಕ್ಕೆ ಜಾಗ ಮಾಡಲಿ. ಆದರೆ ಆ ಆಲ್ಬಮ್ಮಿನ ಜೊತೆಗೆ ಬಂದಿರುವುದರಲ್ಲಿ ಮೈದಾನ ಕೂಗಿ ಕೇಳುವುದು ಯಾವುದನ್ನು ಎಂದು ಈಗಲೇ ಹೇಳಬಹುದು: ಮೆಗಾಡೆತ್‌ನ ನಾಯಕ ಡೇವ್ ಮಸ್ಟೇನ್ ಮೆಟಾಲಿಕಾದಲ್ಲಿದ್ದಾಗ ಬರೆಯಲು ಕೈಜೋಡಿಸಿದ್ದ ‘ರೈಡ್ ದ ಲೈಟ್ನಿಂಗ್’. ಅದು 1984ರದ್ದು.